ಅಮೀನನ ಕತೆಯನ್ನು ಅರ್ಧಕ್ಕೇ ಮುಗಿಸುವವರಿಗೊಂದು ಬಹಿರಂಗ ಪತ್ರ

ಇದಿ ಅಮೀನನ ಬಗ್ಗೆ ಕನ್ನಡದಲ್ಲಿ ಬರೆಯುವ, ವಿಡಿಯೊ ಮಾಡುವ, ಭಾಷಣಗಳಲ್ಲಿ ಅವನ ಹೆಸರು ತೆಗೆಯುವ ಎಲ್ಲ ಗೆಳೆಯರಿಗೆ,



ನೀವು ಹೇಳುವ ಅಮೀನನ ಕತೆಗಳನ್ನು ನಾನು ಸಿಕ್ಕಲ್ಲೆಲ್ಲ ಓದುತ್ತೇನೆ, ಕೇಳುತ್ತೇನೆ. ಕತೆ ಕಟ್ಟುವ ಕಲೆ ನಿಮಗಿದೆ, ಅದರಲ್ಲಿ ಸಂಶಯವಿಲ್ಲ. ಫ್ರಿಜ್ಜಿನಲ್ಲಿಟ್ಟ ತಲೆಗಳು, ನೈಲ್ ನದಿಗೆಸೆದ ಹೆಣಗಳು, ನರಮಾಂಸ, ಹಲವು ಹೆಂಡಿರು, ಎದೆಯಲ್ಲಿ ಜಾಗ ಸಾಲದಷ್ಟು ಪದಕಗಳು, ‘ಬ್ರಿಟಿಷ್ ಸಾಮ್ರಾಜ್ಯವನ್ನು ಗೆದ್ದವನು’ ಎಂದು ತಾನೇ ಕೊಟ್ಟುಕೊಂಡ ಬಿರುದು. ಇವುಗಳಲ್ಲಿ ಕೆಲವು ನಿಜ, ಕೆಲವು ಇವತ್ತಿನವರೆಗೂ ಯಾರೂ ಸಾಬೀತು ಮಾಡದ ಗಾಳಿಸುದ್ದಿ. ಆ ಜಗಳ ಈಗ ಬೇಡ. ನನ್ನ ತಕರಾರು ಇರುವುದು ನೀವು ಕತೆ ಮುಗಿಸುವ ರೀತಿಯ ಬಗ್ಗೆ. ಇಪ್ಪತ್ತು ನಿಮಿಷ ಕ್ರೌರ್ಯವನ್ನು ವರ್ಣಿಸಿ, ಕೊನೆಗೆ ‘1979ರಲ್ಲಿ ದೇಶ ಬಿಟ್ಟು ಓಡಿಹೋದ, 2003ರಲ್ಲಿ ಸೌದಿ ಅರೇಬಿಯಾದಲ್ಲಿ ಸತ್ತ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಎದ್ದುಬಿಡುತ್ತೀರಿ. ಎಂಟು ವರ್ಷ ಯಾರ ಕೈಗೂ ಸಿಗದೆ ಉಗಾಂಡವನ್ನು ಆಳಿದವನು ಸುಮ್ಮನೆ ಯಾಕೆ ಓಡಿದ? ಅವನನ್ನು ಓಡಿಸಿದವರು ಯಾರು? ಅದಕ್ಕೆ ಅವರು ತೆತ್ತದ್ದೇನು?

ತಪ್ಪು ನಿಮ್ಮದೊಂದೇ ಅಲ್ಲ. ಅಮೀನನ ಪಾತ್ರಕ್ಕೆ ಆಸ್ಕರ್ ತಂದುಕೊಟ್ಟ ‘ದಿ ಲಾಸ್ಟ್ ಕಿಂಗ್ ಆಫ್ ಸ್ಕಾಟ್ಲೆಂಡ್’ ಚಿತ್ರದ ಕತೆಯೂ 1976ರ ಎಂಟೆಬೆ ವಿಮಾನ ಅಪಹರಣದ ಹತ್ತಿರವೇ ನಿಂತುಬಿಡುತ್ತದೆ. ಇಸ್ರೇಲಿನ ಕಮಾಂಡೊಗಳು ಒಂದು ರಾತ್ರಿ ಬಂದು ಒತ್ತೆಯಾಳುಗಳನ್ನು ಬಿಡಿಸಿಕೊಂಡು ಹೋದದ್ದು ಜಗತ್ತಿಗೆಲ್ಲ ಗೊತ್ತು. ಟಾಂಜಾನಿಯಾದ ಹತ್ತಾರು ಸಾವಿರ ಜನ ತಿಂಗಳುಗಟ್ಟಲೆ ಕಾಲ್ನಡಿಗೆಯಲ್ಲಿ ಉಗಾಂಡದ ರಾಜಧಾನಿ ಕಂಪಾಲದವರೆಗೆ ಹೋಗಿ ಆ ಮನುಷ್ಯನನ್ನು ಕುರ್ಚಿಯಿಂದ ಇಳಿಸಿದ್ದು ಯಾರಿಗೂ ನೆನಪಿಲ್ಲ. ಬಡವರು ಗೆದ್ದ ಯುದ್ಧಕ್ಕೆ ಸಿನಿಮಾ ಆಗುವ ಯೋಗ ಕಡಿಮೆ.

ಹಾಗಾಗಿ ನೀವು ಬಿಟ್ಟ ಭಾಗವನ್ನು ನಾನು ಹೇಳುತ್ತೇನೆ. ಮುಂದಿನ ಸಲ ಇದನ್ನೂ ಸೇರಿಸಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ಶುರು ಮಾಡಬೇಕಾದ್ದು ನಕಾಶೆಯಿಂದ. 1890ರಲ್ಲಿ ಬ್ರಿಟನ್ ಮತ್ತು ಜರ್ಮನಿ ಪೂರ್ವ ಆಫ್ರಿಕಾವನ್ನು ಹಂಚಿಕೊಂಡವು. ವಿಕ್ಟೋರಿಯಾ ಸರೋವರದ ಪಶ್ಚಿಮ ದಂಡೆಯಲ್ಲಿ ಗಡಿ ಎಲ್ಲಿ ಎಂಬ ಪ್ರಶ್ನೆ ಬಂದಾಗ, ದಕ್ಷಿಣ ಅಕ್ಷಾಂಶ ಒಂದು ಡಿಗ್ರಿಯ ಮೇಲೆ ಅಡಿಪಟ್ಟಿ ಇಟ್ಟು ನೇರ ಗೆರೆ ಎಳೆದರು. ಆ ಗೆರೆಯ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಕಗೇರಾ ನದಿ ಬಳಸಿಕೊಂಡು ಹರಿಯುತ್ತದೆ. ಗೆರೆಗೂ ನದಿಗೂ ನಡುವೆ ಉಳಿದದ್ದು ಸುಮಾರು 1,800 ಚದರ ಕಿಲೊಮೀಟರಿನ ಒಂದು ತುಂಡು ನೆಲ. ಬಾಳೆ, ಕಾಫಿ ಬೆಳೆಯುವ, ದನ ಸಾಕುವ ಸಾಮಾನ್ಯರ ಊರುಗಳು. ಕಾಗದದ ಮೇಲೆ ಅದು ಟಾಂಜಾನಿಯಾದ್ದು. ಆದರೆ ಉಳಿದ ಟಾಂಜಾನಿಯಾಕ್ಕೂ ಅದಕ್ಕೂ ನಡುವೆ ನದಿ ಇದೆ, ದಾಟಲು ಕ್ಯಾಕಾ ಎಂಬಲ್ಲಿ ಸೇತುವೆ. ಉಗಾಂಡದ ಕಡೆಯಿಂದ ಬರುವವರಿಗೆ ತಡೆಯೇ ಇಲ್ಲ. ನದಿಯೇ ಸಹಜ ಗಡಿ, ಹಾಗಾಗಿ ಈ ನೆಲ ನಮ್ಮದು ಎಂದು ಅಮೀನ್ ಹೇಳುತ್ತ ಬಂದಿದ್ದ.

ಉಗಾಂಡ, ಟಾಂಜಾನಿಯಾಗಳ ಅಧ್ಯಕ್ಷರ ನಡುವಿನ ಹಗೆ ಯುದ್ಧಕ್ಕಿಂತ ಹಳೆಯದು. 1971ರ ಜನವರಿಯಲ್ಲಿ ಉಗಾಂಡದ ಅಂದಿನ ಅಧ್ಯಕ್ಷ ಮಿಲ್ಟನ್ ಒಬೋಟೆ ಕಾಮನ್‌ವೆಲ್ತ್ ಸಭೆಗೆಂದು ಸಿಂಗಾಪುರಕ್ಕೆ ಹೋಗಿದ್ದಾಗ ಅಮೀನ್ ದಂಗೆ ಎದ್ದು ಕುರ್ಚಿ ಹಿಡಿದ. ಬ್ರಿಟನ್, ಇಸ್ರೇಲ್ ಅವಸರದಿಂದ ಅವನನ್ನು ಒಪ್ಪಿಕೊಂಡವು. ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೇರೆ ಒಪ್ಪಲಿಲ್ಲ, ಒಬೋಟೆಗೆ ಆಶ್ರಯ ಕೊಟ್ಟರು. ಮೂಲತಃ ಮೇಷ್ಟರು ಅವರು. ಜನ ಕರೆಯುತ್ತಿದ್ದದ್ದೂ ‘ಮ್ವಾಲಿಮು’ (ಮೇಷ್ಟರು) ಎಂದೇ. 1972ರ ಸೆಪ್ಟೆಂಬರಿನಲ್ಲಿ ಒಬೋಟೆಯ ಕಡೆಯವರು ಟಾಂಜಾನಿಯಾದಿಂದ ಉಗಾಂಡಕ್ಕೆ ನುಗ್ಗಿ ಹೀನಾಯವಾಗಿ ಸೋತರು. ಅಂದರೆ ಗಡಿ ದಾಟಿದ ಪಾಪ ಎರಡೂ ಕಡೆಗೆ ಸೇರಿದ್ದು. ಇದನ್ನು ಮುಚ್ಚಿಟ್ಟು ಟಾಂಜಾನಿಯಾವನ್ನು ಹಾಲಿನಲ್ಲಿ ತೊಳೆದ ಹಾಗೆ ತೋರಿಸಿದರೆ ನಾನೂ ನಿಮ್ಮ ಹಾಗೆಯೇ ಅರ್ಧ ಕತೆ ಹೇಳಿದಂತಾಗುತ್ತದೆ.

1978ರ ಹೊತ್ತಿಗೆ ಅಮೀನನ ಮನೆಯೊಳಗೇ ಬೆಂಕಿ ಬಿದ್ದಿತ್ತು. ಉಗಾಂಡದಲ್ಲಿ ನೆಲೆಸಿದ್ದ ಏಷ್ಯನ್ನರನ್ನು ಹಿಂದೆ ತೊಂಬತ್ತು ದಿನದಲ್ಲಿ ಓಡಿಸಿ ಅವರ ಅಂಗಡಿ ಕಾರ್ಖಾನೆಗಳನ್ನು ತನ್ನವರಿಗೆ ಹಂಚಿದ್ದರ ಫಲವಾಗಿ ಸಕ್ಕರೆ, ಸೋಪು ಕೂಡ ಸಿಗುತ್ತಿರಲಿಲ್ಲ. ಸರಕಾರ ನಡೆಯುತ್ತಿದ್ದದ್ದೇ ಕಾಫಿಯ ದುಡ್ಡಿನಲ್ಲಿ. ಅದರ ಬೆಲೆ ಬಿತ್ತು, ಅಮೆರಿಕ ಉಗಾಂಡದ ಕಾಫಿ ಕೊಳ್ಳುವುದನ್ನೂ ನಿಲ್ಲಿಸಿತು. ಸೈನ್ಯದಲ್ಲಿ ಬಣಗಳು, ದಂಗೆಗಳು. ಅಕ್ಟೋಬರಿನಲ್ಲಿ ಯುದ್ಧ ಶುರುವಾದದ್ದು ಹೇಗೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ದಂಗೆಯೆದ್ದ ಸೈನಿಕರನ್ನು ಅಟ್ಟಿಸಿಕೊಂಡು ಹೋದ ಪಡೆಗಳು ಗಡಿ ದಾಟಿದವು ಎನ್ನುವವರಿದ್ದಾರೆ. ಸೈನಿಕರ ಸಿಟ್ಟನ್ನು ಹೊರಗೆ ತಿರುಗಿಸಲು ಅಮೀನನೇ ಲೂಟಿಗೆ ಬಿಟ್ಟ ಎನ್ನುವವರೂ ಇದ್ದಾರೆ. ಎರಡೂ ನಿಜವಿದ್ದರೆ ನನಗೆ ಆಶ್ಚರ್ಯವಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಉಗಾಂಡದ ಸೈನ್ಯ ಆ ತುಂಡು ನೆಲವನ್ನು ತುಂಬಿಕೊಂಡಿತು. ಗಡಿಯಲ್ಲಿ ಟಾಂಜಾನಿಯಾದ ಸೈನಿಕರು ಇದ್ದದ್ದೇ ಕೆಲವರು. ಇಪ್ಪತ್ತೈದು ನಿಮಿಷದಲ್ಲಿ ಗೆದ್ದೆವು ಎಂದು ಉಗಾಂಡ ರೇಡಿಯೊ ಕೊಚ್ಚಿಕೊಂಡಿತು. ನವೆಂಬರ್ 3ರಂದು ಕ್ಯಾಕಾ ಸೇತುವೆಯನ್ನು ಸಿಡಿಸಿ ಉರುಳಿಸಿದರು. ಇನ್ನು ಟಾಂಜಾನಿಯಾ ಬರುವುದಾದರೂ ಹೇಗೆ ಎಂಬ ಧೈರ್ಯ. ಆಮೇಲೆ ನಡೆದದ್ದು ಯುದ್ಧವಲ್ಲ, ಸುಲಿಗೆ. ಸಕ್ಕರೆ ಕಾರ್ಖಾನೆಯ ಯಂತ್ರಗಳು, ಸಾವಿರಾರು ದನಗಳು, ಮನೆಗಳ ತಗಡು ಎಲ್ಲವನ್ನೂ ಸಾಗಿಸಿದರು. ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಸುಮಾರು 1,500 ಮಂದಿ ಹಳ್ಳಿಗರು ಸತ್ತರೆಂದು ಅಂದಾಜು. ಹತ್ತಾರು ಸಾವಿರ ಜನ ನದಿಯ ದಕ್ಷಿಣಕ್ಕೆ ಓಡಿದರು. ಅಮೀನನ ಸುದ್ದಿ ಬಂದಾಗಲೆಲ್ಲ ಅವನ ಹುಚ್ಚಾಟಗಳ ಬಗ್ಗೆ ನಗುವುದು ನಮಗೆ ರೂಢಿ. ನೈರೇರೆಯ ಜೊತೆ ಬಾಕ್ಸಿಂಗ್ ಕಣದಲ್ಲಿ ಸೆಣಸಿ ಯುದ್ಧ ಮುಗಿಸೋಣ, ಮುಹಮ್ಮದ್ ಅಲಿ ರೆಫರಿಯಾಗಲಿ ಎಂದು ಅವನು ಕೊಟ್ಟ ಸವಾಲನ್ನು ನೀವೂ ಹೇಳಿರುತ್ತೀರಿ. ಅವನು ಆ ಮಾತಾಡುತ್ತಿದ್ದ ಹೊತ್ತಿನಲ್ಲೇ ಕಗೇರಾದ ಹಳ್ಳಿಗಳಲ್ಲಿ ಇದು ನಡೆಯುತ್ತಿತ್ತು ಎಂಬುದನ್ನು ಜೊತೆಗೆ ಹೇಳಿದರೆ ಆ ಸವಾಲಿಗೆ ಯಾರಿಗೂ ನಗು ಬರಲಾರದು.

ಆಫ್ರಿಕಾ ಏಕತಾ ಸಂಘಟನೆ ಏನು ಮಾಡಿತು? ಅಡ್ಡಗೋಡೆಯ ಮೇಲೆ ದೀಪ ಇಟ್ಟಿತು. ಇಬ್ಬರೂ ಕದನ ನಿಲ್ಲಿಸಿ, ಮಾತಾಡಿ ಬಗೆಹರಿಸಿಕೊಳ್ಳಿ ಎಂದಿತು. ಮೊದಲು ಆಕ್ರಮಣವನ್ನು ಖಂಡಿಸಿ ಎಂದು ನೈರೇರೆ ಕೇಳಿದರು, ಖಂಡನೆ ಬರಲಿಲ್ಲ. ಮೂರೇ ವರ್ಷದ ಹಿಂದೆ ಇದೇ ಸಂಘಟನೆ ಅಮೀನನನ್ನೇ ಅಧ್ಯಕ್ಷನನ್ನಾಗಿ ಕೂರಿಸಿಕೊಂಡಿತ್ತು, ಕಂಪಾಲದ ಆ ಸಮಾವೇಶಕ್ಕೆ ನೈರೇರೆ ಹೋಗಿರಲಿಲ್ಲ. ನವೆಂಬರ್ 2ರಂದು ಅವರು ದೇಶದ ಮುಂದೆ ಮಾಡಿದ ಭಾಷಣ ಇಂದಿಗೂ ಟಾಂಜಾನಿಯಾದ ಹಿರಿಯರಿಗೆ ಬಾಯಿಪಾಠ. ಹೊಡೆಯುವ ಶಕ್ತಿ ಇದೆ, ಹೊಡೆಯಲು ಕಾರಣವಿದೆ, ಹೊಡೆಯುವ ಮನಸ್ಸೂ ಇದೆ ಎಂಬ ಮೂರು ಮಾತು ಅದರ ತಿರುಳು.

ಶಕ್ತಿ ಇದೆ ಎಂದದ್ದರಲ್ಲಿ ಸ್ವಲ್ಪ ಧೈರ್ಯ ತುಂಬುವ ಉತ್ಪ್ರೇಕ್ಷೆಯೂ ಇತ್ತು. ಇದ್ದ ಸೈನ್ಯ ನಲವತ್ತು ಸಾವಿರದ ಒಳಗೆ. ವಾರಗಳಲ್ಲಿ ಅದು ಲಕ್ಷ ದಾಟಿತು. ಪೊಲೀಸರು, ಜೈಲಿನ ಕಾವಲುಗಾರರು, ರಾಷ್ಟ್ರೀಯ ಸೇವಾದಳದ ಹುಡುಗರು, ‘ಮ್ಗಾಂಬೊ’ ಎಂದು ಕರೆಯುವ ಹಳ್ಳಿಯ ಗೃಹರಕ್ಷಕರು. ಇವರನ್ನೆಲ್ಲ ಸಾಗಿಸಲು ಸರಕಾರ ಬಸ್ಸು, ಲಾರಿಗಳನ್ನು ವಶಕ್ಕೆ ತೆಗೆದುಕೊಂಡಿತು. ಮೊಜಾಂಬಿಕ್ ಒಂದು ಬೆಟಾಲಿಯನ್ ಕಳಿಸಿತು. ಉಗಾಂಡದ ದೇಶಭ್ರಷ್ಟರು ತಮ್ಮ ತಮ್ಮ ತುಕಡಿಗಳೊಂದಿಗೆ ಸೇರಿಕೊಂಡರು. ಅವರಲ್ಲೊಬ್ಬ ಯೊವೇರಿ ಮುಸೆವೆನಿ ಎಂಬ ಯುವಕ. ಕಗೇರಾ ನದಿಯ ಮೇಲೆ ಹೊಸದಾಗಿ ಜೋಡಿಸುವ ಸೇತುವೆ ಬಂತು. ಆ ವೇಳೆಗೆ ಉಗಾಂಡದವರು ಲೂಟಿಯ ಗಂಟು ಹೊತ್ತು ಹಿಂದೆ ಸರಿದಿದ್ದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕಳೆದುಕೊಂಡ ನೆಲ ಕೈಗೆ ಬಂದಿತ್ತು. ಆದರೆ ಅಮೀನ್ ಆ ನೆಲದ ಮೇಲಿನ ಹಕ್ಕನ್ನು ಬಿಟ್ಟುಕೊಡಲಿಲ್ಲ, ಗಡಿಯ ಎತ್ತರದ ಜಾಗಗಳಿಂದ ಫಿರಂಗಿ ಗುಂಡುಗಳು ಹಾರುತ್ತಲೇ ಇದ್ದವು. 1979ರ ಜನವರಿಯಲ್ಲಿ ಟಾಂಜಾನಿಯಾ ಗಡಿ ದಾಟಿ ಮುಟುಕುಲ ಪಟ್ಟಣವನ್ನು ಹಿಡಿಯಿತು.

ಗೆಳೆಯರೇ, ಈ ಭಾಗವನ್ನು ಹೇಳುವಾಗ ದಯವಿಟ್ಟು ಹಿನ್ನೆಲೆ ಸಂಗೀತದ ಸದ್ದು ತಗ್ಗಿಸಿ. ಕಗೇರಾದ ಸೇಡನ್ನು ಟಾಂಜಾನಿಯಾದ ಸೈನಿಕರು ಮುಟುಕುಲದ ಮೇಲೆ ತೀರಿಸಿಕೊಂಡರು. ಊರನ್ನು ಬುಲ್ಡೋಜರಿನಿಂದ ನೆಲಸಮ ಮಾಡಿದರು, ಯಾವ ತಪ್ಪನ್ನೂ ಮಾಡದವರನ್ನು ಕೊಂದರು. ಸುದ್ದಿ ಕೇಳಿ ನೈರೇರೆ ಕಳವಳಗೊಂಡು, ಜನರನ್ನೂ ಅವರ ಆಸ್ತಿಯನ್ನೂ ಮುಟ್ಟಬಾರದೆಂದು ಆಜ್ಞೆ ಹೊರಡಿಸಿದರು. ಅದರ ನಂತರ ಸೈನಿಕರ ನಡತೆ ಸುಧಾರಿಸಿತು ಎಂದು ಹಲವರು ಬರೆದಿದ್ದಾರೆ. ಹಾಗಿದ್ದೂ ಫೆಬ್ರವರಿಯಲ್ಲಿ ಮಸಾಕ ಮತ್ತು ಎಂಬರಾರ ಎಂಬ ಎರಡು ದೊಡ್ಡ ಪಟ್ಟಣಗಳು ಕೈಗೆ ಬಂದಾಗ ಅಲ್ಲಿನ ಕಟ್ಟಡಗಳನ್ನು ಸಾಲು ಸಾಲಾಗಿ ಸಿಡಿಸಿದರು. ಮಸಾಕದ ವ್ಯಾಪಾರಿ ಕಗೇರಾದಲ್ಲಿ ಲೂಟಿ ಮಾಡಿರಲಿಲ್ಲ. ಅವನೂ ಅಮೀನನ ಕೈಯಲ್ಲಿ ನರಳಿದವನೇ.

ಆಮೇಲೆ ಅಮೀನನ ನೆರವಿಗೆ ಬಂದವನು ಲಿಬಿಯಾದ ಗಡಾಫಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹಿಂದಕ್ಕೆ ಹೋಗದಿದ್ದರೆ ನಾವು ಯುದ್ಧಕ್ಕಿಳಿಯುತ್ತೇವೆ ಎಂದು ನೈರೇರೆಗೆ ಗಡುವು ಕೊಟ್ಟ. ನೈರೇರೆ ಸೊಪ್ಪು ಹಾಕಲಿಲ್ಲ. ಲಿಬಿಯಾ ಆಗಲೇ ವಿಮಾನಗಳಲ್ಲಿ ಸಾವಿರಾರು ಜನರನ್ನು ತಂದಿಳಿಸಿತ್ತು. ಅವರಲ್ಲಿ ಬಹಳ ಮಂದಿ ಸರಿಯಾದ ತರಬೇತಿಯೇ ಇಲ್ಲದ ಜನತಾ ಪಡೆಯವರು. ಮಾರ್ಚ್ 10ರಂದು ಲುಕಾಯ ಎಂಬಲ್ಲಿ, ಜೌಗು ನೆಲದ ನಡುವೆ ಹಾಯುವ ಏರುರಸ್ತೆಯ ಮೇಲೆ, ಎರಡೂ ಕಡೆಯವರು ಕತ್ತಲಲ್ಲಿ ಎದುರುಬದುರಾದರು. ಟಾಂಜಾನಿಯಾದ 201ನೇ ಬ್ರಿಗೇಡಿನ ತುಂಬ ಹೊಸ ಹುಡುಗರು. ಲಿಬಿಯಾದ ರಾಕೆಟ್ಟುಗಳು ಬೀಳತೊಡಗಿದಾಗ ಗಾಬರಿಬಿದ್ದು ಜೌಗಿನೊಳಕ್ಕೆ ಓಡಿದರು. ಆ ರಾತ್ರಿ ಲಿಬಿಯಾದವರು ಮುಂದೆ ನುಗ್ಗಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು. ಅವರು ನುಗ್ಗಲಿಲ್ಲ. ಮರುದಿನ 208ನೇ ಬ್ರಿಗೇಡ್ ಸುತ್ತು ಬಳಸಿ ಬಂದು ಬದಿಯಿಂದ ಮೇಲೆರಗಿತು. ಲಿಬಿಯಾದವರು ಸುಮಾರು ಇನ್ನೂರು ಜನ ಅಲ್ಲಿ ಸತ್ತರು, ಉಗಾಂಡದವರೂ ಹೆಚ್ಚುಕಮ್ಮಿ ಅಷ್ಟೇ. ಯಾವ ದೇಶದ ಜೌಗಿನಲ್ಲಿ, ಯಾರಿಗಾಗಿ ಸಾಯುತ್ತಿದ್ದೇವೆಂದು ಅವರಲ್ಲಿ ಎಷ್ಟು ಜನಕ್ಕೆ ತಿಳಿದಿತ್ತೋ.

ನಗಲೇಬೇಕೆಂದಿದ್ದರೆ ಅದಕ್ಕೂ ಒಂದು ಪ್ರಸಂಗವಿದೆ. ಮಾರ್ಚ್ ಕೊನೆಯಲ್ಲಿ ಲಿಬಿಯಾದ ಟುಪೊಲೆಫ್ ಬಾಂಬರ್ ವಿಮಾನವೊಂದು ಸರೋವರದ ದಂಡೆಯ ಮ್ವಾನ್ಜಾ ನಗರವನ್ನು ಹೊಡೆಯಲು ಬಂತು. ಗುರಿ ತಪ್ಪಿ ಬಾಂಬುಗಳು ವನ್ಯಮೃಗಧಾಮದ ಮೇಲೆ ಬಿದ್ದವು. ಸತ್ತದ್ದು ಕೆಲವು ಹುಲ್ಲೆಗಳು.

ಕಂಪಾಲವನ್ನು ಸುತ್ತುವರಿಯುವ ಹೊತ್ತಿಗೆ ನೈರೇರೆ ಒಂದು ನಿರ್ಧಾರ ತೆಗೆದುಕೊಂಡರು. ಪೂರ್ವಕ್ಕೆ ಜಿಂಜಾ ಕಡೆ ಹೋಗುವ ರಸ್ತೆಯನ್ನು ಬೇಕೆಂದೇ ತೆರೆದಿಟ್ಟರು. ಲಿಬಿಯಾದವರು ಮಾನ ಉಳಿಸಿಕೊಂಡು ಹೊರಟುಹೋಗಲಿ, ನಗರದ ಬೀದಿಗಳಲ್ಲಿ ಹೆಣ ಬೀಳುವುದು ಬೇಡ ಎಂಬ ಲೆಕ್ಕ. ಅದೇ ದಾರಿಯಲ್ಲಿ ಅಮೀನನೂ ಜಾರಿಕೊಂಡ. ಅವನು ಕೊನೆಯವರೆಗೂ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲವಲ್ಲ ಎಂದು ನೀವು ಹಲುಬುವಾಗ ಈ ರಸ್ತೆಯನ್ನು ನೆನಪಿಡಿ. ಆ ನಿರ್ಧಾರ ಸರಿ ಎಂದೇ ನನಗನಿಸುತ್ತದೆ. ಒಬ್ಬನನ್ನು ಹಿಡಿಯಲು ಒಂದು ನಗರವನ್ನು ಸುಡುವುದಕ್ಕಿಂತ ಅದು ಮೇಲು. ಏಪ್ರಿಲ್ 7ರಂದು ಎಂಟೆಬೆ, 11ರಂದು ಕಂಪಾಲ. ಜನ ಬೀದಿಗಿಳಿದು ಟಾಂಜಾನಿಯಾದ ಸೈನಿಕರನ್ನು ಹೂವು ಹಾಕಿ ತಬ್ಬಿಕೊಂಡರು, ನಕಸೆರೊದ ಗುಪ್ತಚರ ಕಚೇರಿಯ ನೆಲಮಾಳಿಗೆಯ ಕೋಣೆಗಳನ್ನು ಒಡೆದು ತೆರೆದರು, ಮತ್ತೆ ಅಂಗಡಿಗಳನ್ನೂ ದೋಚಿದರು. ಜೂನ್ 3ರಂದು ಪಡೆಗಳು ಸುಡಾನ್ ಗಡಿ ಮುಟ್ಟಿದಾಗ ಯುದ್ಧ ಮುಗಿಯಿತು.

ಈಗ ನಮ್ಮ ದೇಶಕ್ಕೂ ಸಂಬಂಧಿಸಿದ ಒಂದು ಮಾತು. ಜನರನ್ನು ಕೊಲ್ಲುವ ಸರಕಾರವನ್ನು ನೆರೆಯ ದೇಶ ನುಗ್ಗಿ ಕೆಡವಬಹುದೇ ಎಂಬ ಚರ್ಚೆ ಬಂದಾಗ ಪಂಡಿತರು ಮೂರು ಪ್ರಸಂಗಗಳನ್ನು ಒಟ್ಟಿಗೆ ತೆಗೆಯುತ್ತಾರೆ. 1971ರಲ್ಲಿ ಪೂರ್ವ ಪಾಕಿಸ್ತಾನಕ್ಕೆ ಭಾರತ, 1978ರ ಡಿಸೆಂಬರಿನಲ್ಲಿ ಕಾಂಬೋಡಿಯಾಕ್ಕೆ ವಿಯೆಟ್ನಾಂ, ಮರುವರ್ಷ ಉಗಾಂಡಕ್ಕೆ ಟಾಂಜಾನಿಯಾ. ಕುತೂಹಲದ ಸಂಗತಿಯೆಂದರೆ ಮೂರೂ ದೇಶಗಳು ನೆಚ್ಚಿಕೊಂಡದ್ದು ಆತ್ಮರಕ್ಷಣೆಯ ವಾದವನ್ನೇ. ನೆರೆಯ ಜನರನ್ನು ಕಾಪಾಡಲು ಹೋದೆವು ಎಂಬುದನ್ನು ಮುಖ್ಯ ಕಾರಣವಾಗಿ ನಿಲ್ಲಿಸಲು ಯಾರೂ ಸಿದ್ಧರಿರಲಿಲ್ಲ. ನೈರೇರೆ ಇನ್ನೂ ಸೂಕ್ಷ್ಮವಾಗಿ, ಇಲ್ಲಿ ನಡೆದದ್ದು ಎರಡು ಯುದ್ಧ ಎಂದರು: ಆಕ್ರಮಣಕಾರನನ್ನು ಹೊಡೆದದ್ದು ಟಾಂಜಾನಿಯಾ, ಸರ್ವಾಧಿಕಾರಿಯನ್ನು ಕೆಡವಿದ್ದು ಉಗಾಂಡದವರೇ. ಎರಡನೆಯದಕ್ಕೆ ಸಾಕ್ಷಿಯಾಗಿ ಮಾರ್ಚಿನಲ್ಲಿ ಮೋಶಿ ಪಟ್ಟಣದಲ್ಲಿ ದೇಶಭ್ರಷ್ಟರನ್ನೆಲ್ಲ ಕೂಡಿಸಿ ಒಂದು ವಿಮೋಚನಾ ರಂಗವನ್ನೂ ಕಟ್ಟಿಸಲಾಯಿತು. ದೇಶಭ್ರಷ್ಟರ ಪಡೆಗಳ ಗಾತ್ರ ನೋಡಿದರೆ ಎರಡನೆಯ ಮಾತು ಮುಕ್ಕಾಲುಪಾಲು ಔಪಚಾರಿಕ. ಆದರೂ ಅದರ ಹಿಂದಿನ ಅಳುಕನ್ನು ನಾನು ಗೌರವಿಸುತ್ತೇನೆ. ಸಣ್ಣ ದೇಶಗಳಿಗೆ ಗಡಿಯ ಪಾವಿತ್ರ್ಯವೊಂದೇ ರಕ್ಷಣೆ. ಅದನ್ನು ಮುರಿದವನೇ ಹೊಸ ನಿಯಮ ಮಾಡಿದ ಎಂದಾಗಬಾರದು. ಜುಲೈನಲ್ಲಿ ಮನ್ರೋವಿಯಾದಲ್ಲಿ ಆಫ್ರಿಕಾದ ನಾಯಕರು ಸೇರಿದಾಗ ಸುಡಾನಿನ ನಿಮೇರಿ, ನೈಜೀರಿಯಾದ ಒಬಸಾಂಜೊ ನೈರೇರೆಯನ್ನು ತರಾಟೆಗೆ ತೆಗೆದುಕೊಂಡರು. ಎಂಟು ವರ್ಷ ಉಗಾಂಡದಲ್ಲಿ ನಡೆದ ಕೊಲೆಗಳ ಬಗ್ಗೆ ಆ ಸಭೆಯಲ್ಲಿ ಅಷ್ಟು ಜೋರಾದ ದನಿ ಎಂದೂ ಎದ್ದಿರಲಿಲ್ಲ.

ಖರ್ಚಿನ ಲೆಕ್ಕವನ್ನು ಮಾತ್ರ ನೀವು ಬಿಡಲೇಬಾರದು. ಯುದ್ಧಕ್ಕೆ ತಗುಲಿದ್ದು ಸುಮಾರು 50 ಕೋಟಿ ಡಾಲರ್ ಎಂದು ಅಂದಾಜು. ಅಮೀನ್ ತೊಲಗಿದ್ದಕ್ಕೆ ಖುಷಿಪಟ್ಟ ಶ್ರೀಮಂತ ದೇಶಗಳು ಈ ಬಿಲ್ಲಿನ ಕಡೆ ಮುಖ ಹಾಕಲಿಲ್ಲ. ಪೂರ್ವ ಆಫ್ರಿಕಾ ಸಮುದಾಯ 1977ರಲ್ಲೇ ಮುರಿದಿತ್ತು, ಕೆನ್ಯಾದ ಗಡಿ ಮುಚ್ಚಿತ್ತು, 1979ರಲ್ಲಿ ಪೆಟ್ರೋಲಿನ ಬೆಲೆ ಏರಿತು. ಹದಿನೆಂಟು ತಿಂಗಳು ಹೊಟ್ಟೆ ಕಟ್ಟಿ ಎಂದು ನೈರೇರೆ ಜನರನ್ನು ಕೇಳಿಕೊಂಡರು. ಅದು ವರ್ಷಗಳವರೆಗೆ ಎಳೆಯಿತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಟಾಂಜಾನಿಯಾದವರು ಸೋಪಿಗೆ, ಸಕ್ಕರೆಗೆ, ಬಟ್ಟೆಗೆ ಸಾಲು ನಿಂತರು. ಇದಕ್ಕೆಲ್ಲ ಯುದ್ಧವೊಂದೇ ಕಾರಣವಲ್ಲ. ಜನರನ್ನು ಒತ್ತಾಯದಿಂದ ಒಂದೆಡೆ ಕೂಡಿಹಾಕಿದ ನೈರೇರೆಯ ಸ್ವಂತ ಉಜಾಮಾ ಯೋಜನೆಯ ಪಾಲೂ ಇದೆ. ಆದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಬಗ್ಗಲು ಒಪ್ಪದೆ ಅವರು ಒದ್ದಾಡುವಾಗ, ನೆರೆಮನೆಯ ಕೊಲೆಗಾರನನ್ನು ಓಡಿಸಿದ ಸಾಲವೂ ಅವರ ತಲೆಯ ಮೇಲಿತ್ತು. ಸರಕಾರಿ ಲೆಕ್ಕದಲ್ಲಿ ಸತ್ತ ಸೈನಿಕರು 373, ಅದರಲ್ಲಿ ಕಾದಾಟದಲ್ಲಿ ಮಡಿದವರು 96. ಉಳಿದವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಕಗೇರಾ ಪ್ರಾಂತದ ಕಬೋಯದಲ್ಲಿ ಅವರ ಸ್ಮಶಾನವಿದೆ.

ಇಷ್ಟು ತೆತ್ತು ಉಗಾಂಡಕ್ಕೆ ಸಿಕ್ಕಿದ್ದೇನು? ಯೂಸುಫ್ ಲೂಲೆ ಎಂಬ ಸಾಧು ಪ್ರೊಫೆಸರ್ ಅಧ್ಯಕ್ಷರಾದರು, 68 ದಿನಕ್ಕೆ ಇಳಿದರು. ಬಿನೈಸಾ ಬಂದರು, ಅವರನ್ನೂ ಇಳಿಸಿದರು. 1980ರ ಡಿಸೆಂಬರಿನ ಚುನಾವಣೆಯಲ್ಲಿ ಒಬೋಟೆ ಗೆದ್ದರೆಂದು ಘೋಷಣೆಯಾಯಿತು. ಮೋಸವಾಗಿದೆ ಎಂದು ಮುಸೆವೆನಿ ಕಾಡು ಸೇರಿದರು. ಮುಂದಿನ ಐದು ವರ್ಷ ಲುವೇರೊ ಪ್ರದೇಶದಲ್ಲಿ ಸರಕಾರಿ ಸೈನ್ಯ ಹಳ್ಳಿ ಹಳ್ಳಿಗಳನ್ನೇ ಬರಿದು ಮಾಡಿತು. ಅಮೀನನ ತವರಾದ ವೆಸ್ಟ್ ನೈಲಿನಲ್ಲಿ ಹೊಸ ಸೈನ್ಯ ಸೇಡಿಗಿಳಿದು, ಜನ ಸುಡಾನಿಗೂ ಜೈರಿಗೂ ವಲಸೆ ಹೋದರು. ಅಮೀನನ ಊರಿನವರೆಂಬುದೇ ಅವರ ಅಪರಾಧ. ಒಬೋಟೆ ಮರಳಿದ್ದರಲ್ಲಿ ನೈರೇರೆಯ ಸ್ನೇಹದ ಕುರುಡುತನವಿತ್ತು ಎಂದೇ ನನ್ನ ಅಭಿಪ್ರಾಯ. ತಾನು ಗೆದ್ದುಕೊಟ್ಟ ದೇಶದಲ್ಲಿ ಗೆಳೆಯನನ್ನೇ ಕೂರಿಸುವ ಆಸೆಯನ್ನು ಅಷ್ಟು ದೊಡ್ಡ ಮನುಷ್ಯನಿಗೂ ಗೆಲ್ಲಲಾಗಲಿಲ್ಲ. 1986ರಲ್ಲಿ ಮುಸೆವೆನಿ ಕಂಪಾಲಕ್ಕೆ ನುಗ್ಗಿ ಅಧ್ಯಕ್ಷರಾದರು. ಅವಧಿಯ ಮಿತಿಯನ್ನು 2005ರಲ್ಲಿ, ವಯಸ್ಸಿನ ಮಿತಿಯನ್ನು 2017ರಲ್ಲಿ ತೆಗೆಸಿಹಾಕಿದರು. ನಾಲ್ಕು ದಶಕದ ನಂತರವೂ ಆ ಕುರ್ಚಿಯಿಂದ ಎದ್ದಿಲ್ಲ.

ಹಾಗಾದರೆ ಯುದ್ಧವೇ ವ್ಯರ್ಥ ಎನ್ನುತ್ತೀರಾ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಇಲ್ಲ. ಕನಿಷ್ಠ 80 ಸಾವಿರ, ಹಲವರ ಎಣಿಕೆಯಲ್ಲಿ 3 ಲಕ್ಷ ಜನರನ್ನು ಕೊಂದ ಆಡಳಿತ ಅದು. ಅದನ್ನು ಕೆಡವಲು ಅಮೆರಿಕವೂ ಬರಲಿಲ್ಲ, ವಿಶ್ವಸಂಸ್ಥೆಯೂ ಬರಲಿಲ್ಲ. ಸೋಪಿಗೆ ಗತಿಯಿಲ್ಲದ ನೆರೆಯವನು ಬಂದ. ಕಗೇರಾದ ರೈತನಾಗಿದ್ದರೆ ನಾನೂ ಆ ಬಸ್ಸು ಹತ್ತುತ್ತಿದ್ದೆ.

ಇಷ್ಟೆಲ್ಲ ಹೇಳಿದರೆ ಯಾರು ನೋಡುತ್ತಾರೆ ಸಾರ್, ಎರಡನೇ ನಿಮಿಷಕ್ಕೇ ಜನ ಮುಂದಕ್ಕೆ ಓಡಿಸುತ್ತಾರೆ ಎಂಬ ನಿಮ್ಮ ಕಷ್ಟವೂ ನನಗೆ ಗೊತ್ತು. ಆದರೆ ಯೋಚನೆ ಮಾಡಿ ನೋಡಿ: ಕತ್ತಲಲ್ಲಿ ಜೌಗಿಗೆ ಓಡಿದ ಹುಡುಗರಿದ್ದಾರೆ, ಗಡಾಫಿ ಇದ್ದಾನೆ, ಗುರಿ ತಪ್ಪಿದ ಬಾಂಬರ್ ಇದೆ, ಬೇಕೆಂದೇ ಮುಚ್ಚದೆ ಬಿಟ್ಟ ರಸ್ತೆ ಇದೆ. ಫ್ರಿಜ್ಜಿನ ತಲೆಗಳಿಗಿಂತ ಇದೇನು ಸಪ್ಪೆಯೇ? ನಕಾಶೆಯೊಂದನ್ನು ಬರೆಸಿ, ಒಂದು ಡಿಗ್ರಿಯ ಗೆರೆ ಮತ್ತು ನದಿ ಎರಡನ್ನೂ ತೋರಿಸಿ. ಉಳಿದದ್ದನ್ನು ಹೇಳುವ ಕಸುಬು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಇತಿ,
ನಿಮ್ಮ ಓದುಗ ಮತ್ತು ಕೇಳುಗ